ಹಸಿಮಣ್ಣಿನ ಬಯಲು

ಹಿರೇಬಾಗಿಲು ಪಟ್ಟಣದ ನಡುಪೇಟೆಯಲ್ಲಿ ಅಂಗಡಿಗಳೂ ಬಸ್ ನಿಲ್ದಾಣವೂ ಮೈಮೇಲೆ ಬೀಳುವಂತೆ ಒತ್ತಿಕೊಂಡು ಬಂದರೂ ಒಂದು ಬಯಲು ಮಾತ್ರ ಮಕ್ಕಳ ಪಾಲಿಗೆ ಉಳಿದಿದೆ. ಸದಾ ಧೂಳೇಳುವ ಆ ನೆಲಕ್ಕೆ ಹಸಿಮಣ್ಣಿನ ಬಯಲು ಎಂಬ ಹೆಸರೇಕೆ ಎಂದು ಕೇಳಿದರೆ, ಹಿರಿಯರು ಈಗಲೂ ಗಲ್ಲ ಬಡಿದುಕೊಂಡೇ ಕಥೆ ಆರಂಭಿಸುತ್ತಾರೆ.

ಹಿಂದೆ ಒಮ್ಮೆ ಇಲ್ಲಿ ಬಸಲಿಂಗ ಶೆಟ್ಟಿಯೆಂಬ ವರ್ತಕನಿದ್ದನಂತೆ. ಬಯಲಿಗೆ ಮುಖಮಾಡಿದ ಮನೆ, ಮುಂದೆ ಗಿಡ್ಡ ಕಂಬಗಳ ಮೇಲೆ ನಿಂತ ಹಲಗೆಯ ಜಗಲಿ. ಹತ್ತಿಯ ಉಗ್ರಾಣಕ್ಕೆ ಜಾಗ ಬೇಕಾಗಿ, ಬಯಲು ತನ್ನ ಹಿರಿಯರದೆಂದುಬಿಟ್ಟ. ಊರು ದಂಗಾಯಿತು. ಮಕ್ಕಳು ಆಡುವ ನೆಲಕ್ಕೂ ಕಣ್ಣು ಹಾಕುವುದೆ! ಆ ಕಾಲದ ಕಟ್ಟಳೆಯಂತೆ, ನೆಲ ತನ್ನದೆನ್ನುವವನ ರಕ್ತದವರೊಬ್ಬರು ಹಸಿಮಣ್ಣಿನ ಬುಟ್ಟಿ ಹೊತ್ತು ಗಡಿ ನಡೆಯಬೇಕು. ನಡೆದಷ್ಟು ಅವರದು. ಸುಳ್ಳು ನಡೆದರೆ ಮಣ್ಣು ಒಣಗುವುದರೊಳಗೆ ಆ ಮನೆಯಲ್ಲೊಂದು ಸಾವು. ಶೆಟ್ಟಿಗೆ ಆಣೆಯ ಭಯವಿತ್ತು. ತಾನು ನಡೆದರೆ ಅರಿತು ಮಾಡಿದ ಸುಳ್ಳಾದೀತು, ಏನೂ ಅರಿಯದ ಕೂಸು ನಡೆದರೆ ದೋಷವಿಲ್ಲವೆಂದು ಬಗೆದ. ಮನೆಯಲ್ಲಿ ತನ್ನನ್ನು ಬಿಟ್ಟರೆ ಉಳಿದಿದ್ದ ಒಂದೇ ಜೀವ, ಒಂಬತ್ತು ವರ್ಷದ ಮೊಮ್ಮಗಳು ಶಿವಗಂಗಿಯ ತಲೆಗೆ ಬುಟ್ಟಿ ಏರಿಸಿದ. "ಅಯ್ಯೋ ಶಿವನೇ, ಕೂಸಿನ ತಲಿಗೆ ಆಣೀನ?" ಎಂದು ಹೆಂಗಸರು ಬಾಯಿ ಬಡಿದುಕೊಂಡರು.

ಬಯಲು ಸುತ್ತಿ ಬಾರೆಂದು ಶೆಟ್ಟಿ ಕಿವಿಯಲ್ಲಿ ಹೇಳಿಕೊಟ್ಟಿದ್ದ. ಹುಡುಗಿ ಬಯಲಿಗೆ ಇಳಿಯಲೇ ಇಲ್ಲ. ಜಗಲಿಯನ್ನೂ ಹೊರಗೆ ಬಿಟ್ಟು, ಗೋಡೆಯನ್ನು ಸವರಿಕೊಂಡು, ಮನೆಯನ್ನಷ್ಟೇ ಒಂದು ಸುತ್ತು ಬಂದು ಬುಟ್ಟಿ ಇಳಿಸಿದಳು.

"ಜಗಲೀನೂ ಬಿಟ್ಟೆಲ್ಲ ಹುಚ್ಚಿ!" ಶೆಟ್ಟಿ ಚೀರಿದ.

"ಗಡಿಕಲ್ಲು ನಮ್ಮ ಹೊಸ್ತಿಲದ ಕೆಳಗ ಐತಿ ಮುತ್ಯಾ. ಮುಟ್ಟಾಟದಾಗ ನಾವು ಜಗಲಿ ಕೆಳಗ ತೆವಳಿ ಹೋಗಿ ಅದನ್ನ ಮುಟ್ಟತೀವಿ. ಸುಳ್ಳು ನಡದ್ರ ಮನ್ಯಾಗ ಸಾವು ಅಂದ್ರಲ್ಲ. ನೀ ಸತ್ರ ನನಗ ಯಾರದಾರ?"

ಶೆಟ್ಟಿ ಈ ಜೀವವನ್ನೇ ಪಣಕ್ಕಿಟ್ಟಿದ್ದ, ಅದು ಅವನ ಜೀವ ಕಾಯ್ದಿತ್ತು! ಅಲ್ಲೇ ಕುಸಿದು ಕೂತು, ಹಸಿಮಣ್ಣನ್ನು ಹಣೆಗೆ ಒತ್ತಿಕೊಂಡು ಹೋ ಎಂದು ಅತ್ತನಂತೆ. ಆಮೇಲೆ ಎದ್ದು, ಗಡಿ ದಾಟಿ ನಿಂತಿದ್ದ ಜಗಲಿಯ ಮೊದಲ ಹಲಗೆಯನ್ನು ತಾನೇ ಕಿತ್ತ ಎನ್ನುತ್ತಾರೆ.

ಇಂದಿಗೂ ಆ ಮನೆಯ ಬಾಗಿಲು ನೆಲದಿಂದ ಎದೆಯೆತ್ತರದಲ್ಲಿದೆ. ಮನೆಯವರು ಏಣಿಯಿಂದಲೇ ಇಳಿಯುತ್ತಾರೆ, ಜಗಲಿ ಕಟ್ಟಿಲ್ಲ. ಹೊಸ್ತಿಲ ಕೆಳಗಿನ ಗಡಿಕಲ್ಲು ಮಕ್ಕಳ ಕೈ ತಾಗಿ ತಾಗಿ ನುಣುಪಾಗಿದೆ.