ಅಡೆಗೆ ಹಾಕಿದ ಹಾಡುಗಳು

ಒಂದು ಕಾಡಿನಲ್ಲಿ ಎಲ್ಲರಿಗೂ ಹಾಡೆಂದರೆ ಪ್ರಾಣ. ಆದರೆ ಅವರು ಕೇಳುತ್ತಿದ್ದುದು ಒಂದೇ ಕೋಗಿಲೆಯ ಹಾಡನ್ನು. ಕೋಗಿಲೆಯ ಕಂಠ ಚೆನ್ನಾಗಿಯೇ ಇತ್ತು, ಸುಳ್ಳೇಕೆ ಹೇಳಲಿ? ಆದರೆ ಅಜ್ಜನ ಕಾಲದಿಂದಲೂ ಅದೇ ಕುಹೂ, ಅದೇ ಕುಹೂ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅಂದ ಹಾಗಾಗಿತ್ತು. ಕರಡಿಯಂತೂ ಮೊದಲ ಕುಹೂಗೇ ಗೊರಕೆ ಹೊಡೆಯುತ್ತಿತ್ತು.

ಹಾಗಾದರೆ ಹೊಸಬರು ಇರಲಿಲ್ಲವೇ? ಬೇಕಾದಷ್ಟು ಜನ ಇದ್ದರು! ಹೊಂಡದಲ್ಲಿ ಚಿಟುಕಿ ಎಂಬ ಕಪ್ಪೆ ಮಳೆಯ ಮೇಲೆ ತಾನೇ ಹಾಡು ಕಟ್ಟಿ ಹಾಡುತ್ತಿದ್ದಳು. ಗಿಲಕಮ್ಮ ಎಂಬ ಮುಳ್ಳುಹಂದಿ ಬೆನ್ನಿನ ಮುಳ್ಳುಗಳನ್ನು ಜಾಡಿಸಿ ಗಲಗಲ ತಾಳ ಹಾಕುತ್ತಿದ್ದಳು. ಜೀರಪ್ಪ ಎಂಬ ಜೀರುಂಡೆ ಒಂದೇ ಸಮನೆ ಉದ್ದನೆಯ ರಾಗ ಎಳೆಯುತ್ತಿದ್ದ. ಆದರೆ ಚಿಟುಕಿ ಬಾಯಿ ತೆರೆದರೆ ಸಾಕು, "ಏ ಹುಡುಗಿ, ವಟವಟ ನಿಲ್ಲಿಸು" ಎಂದು ಎಲ್ಲರೂ ಗದರುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ, ನೋಡಿ.

ಇದನ್ನೆಲ್ಲ ಗಮನಿಸಿದವನು ನರಿ ನಾಜೂಕಯ್ಯ. ಅವನು ಹೊಂಡದ ದಡಕ್ಕೆ ಬಂದು ನಯವಾಗಿ ಹೇಳಿದ.

"ಚಿಟುಕಿ, ನಿನ್ನ ಕಂಠ ಒಳ್ಳೇ ಜಾತಿ ಮಾವಿನ ಹಾಗಿದೆ ಕಣಮ್ಮ. ಆದರೆ ಇನ್ನೂ ಕಾಯಿ."

"ಅಯ್ಯೋ! ಹಣ್ಣಾಗೋಕೆ ಏನು ಮಾಡಬೇಕು ನರಿಯಣ್ಣ?"

"ಮಾವಿನಕಾಯಿನ ಏನು ಮಾಡ್ತಾರೆ? ಹುಲ್ಲಲ್ಲಿ ಮುಚ್ಚಿ ಅಡೆಗೆ ಹಾಕ್ತಾರೆ. ನಿನ್ನನ್ನೂ ಅಡೆಗೆ ಹಾಕಬೇಕು. ನನ್ನ ಹತ್ತಿರ ಒಳ್ಳೇ ಜಾಗ ಇದೆ, ಬಾ."

ಬಯಲಿನ ಅಂಚಿನಲ್ಲಿ ಒಂದು ದೊಡ್ಡ ಮರ ಉರುಳಿ ಬಿದ್ದಿತ್ತು. ಅದರ ಒಳಗೆಲ್ಲ ಟೊಳ್ಳು. ಒಂದು ಬಾಯಿ ಬಯಲಿನ ಕಡೆಗೆ, ಇನ್ನೊಂದು ಬಾಯಿ ದಟ್ಟ ಪೊದೆಯೊಳಗೆ. ನರಿ ಪೊದೆಯ ಕಡೆಯಿಂದ ಚಿಟುಕಿಯನ್ನು ಒಳಗೆ ಬಿಟ್ಟ. ಗಿಲಕಮ್ಮ, ಜೀರಪ್ಪರಿಗೂ ಇದೇ ಮಾತು ಹೇಳಿ ಒಳಗೆ ಕೂರಿಸಿದ. "ಸಂಜೆ ದಿನಕ್ಕೊಬ್ಬರಂತೆ ಇಲ್ಲಿ ಸಾಧನೆ ಮಾಡಿ. ಹಣ್ಣಾದ ದಿನ ನಾನೇ ಹೇಳ್ತೀನಿ" ಎಂದ.

ಆಮೇಲೆ ಬಯಲಿಗೆ ಬಂದು ಡಂಗುರ ಹೊಡೆದ. "ಕೇಳ್ರಪ್ಪೋ! ಈ ಪೊಟರೆ ನೆಲದೊಳಗಿಂದ ಬೆಟ್ಟದ ಆಚೆವರೆಗೂ ಹೋಗುತ್ತೆ. ಅಲ್ಲಿನ ದೊಡ್ಡ ದೊಡ್ಡ ವಿದ್ವಾಂಸರು ಹಾಡೋದು ಇಲ್ಲಿಗೆ ಕೇಳಿಸುತ್ತೆ. ಬನ್ನಿ, ಆದರೆ ಬರಿಗೈಲಿ ಬರಬೇಡಿ."

ಎಲ್ಲರೂ ಹಣ್ಣು, ಜೇನು ಹಿಡಿದು ಬಂದರು. ಒಂದು ಸಂಜೆ ಪೊಟರೆಯಿಂದ ಮಳೆಯ ಹಾಡು ಬಂತು. ಮರುದಿನ ಗಲಗಲ ತಾಳ. ಅದರ ಮರುದಿನ ಉದ್ದನೆಯ ರಾಗ. ಟೊಳ್ಳಿನಲ್ಲಿ ದನಿ ದೊಡ್ಡದಾಗಿ ಮೊಳಗುತ್ತಿತ್ತು. ಕರಡಿ ನಿದ್ದೆ ಮರೆತು ಕುಣಿಯಿತು. ದೊಡ್ಡತ್ತೆ ಎಂದು ಎಲ್ಲರೂ ಕರೆಯುತ್ತಿದ್ದ ಆನೆ ಕಿವಿ ಬೀಸಿ ಬೀಸಿ ತಲೆದೂಗಿದಳು. "ಏನೇ ಹೇಳಿ, ಬೆಟ್ಟದಾಚೆಯ ನೀರೇ ಬೇರೆ!" ಎಂದು ಕೋತಿ ಚಪ್ಪಾಳೆ ತಟ್ಟಿತು. ದೂರದ ಬೆಟ್ಟ ಯಾವಾಗಲೂ ನುಣ್ಣಗೆ. ನಾಜೂಕಯ್ಯನ ಹೊಟ್ಟೆಯೂ ದಿನೇ ದಿನೇ ನುಣ್ಣಗಾಯಿತು.

"ನರಿಯಣ್ಣ, ಹೊರಗೆ ಚಪ್ಪಾಳೆ ಕೇಳಿಸ್ತಲ್ಲ?" ಎಂದು ಚಿಟುಕಿ ಕೇಳಿದಳು.

"ಚಪ್ಪಾಳೆ ಎಲ್ಲಿ ಬಂತು? ಕೋತಿಗಳು ಸೊಳ್ಳೆ ಹೊಡೀತಿದಾವೆ."

"ನನ್ನ ಕಂಠ ಹಣ್ಣಾಯ್ತಾ?"

"ಇನ್ನೂ ಕಾಯಿ."

ದಿನವೂ ಇದೇ ಉತ್ತರ. ಪಾಪ, ಚಿಟುಕಿಯ ಮನಸ್ಸು ಬಾಡಿಹೋಯಿತು. ಒಂದು ಸಂಜೆ ಅವಳು ಮುಳ್ಳುಹಂದಿಗೆ ಹೇಳಿದಳು. "ಗಿಲಕಕ್ಕ, ಇವತ್ತೊಂದು ದಿನ ಹಾಡ್ತೀನಿ. ಇವತ್ತೂ ಕಾಯಿ ಅಂದ್ರೆ ಮುಗೀತು. ಇನ್ನು ಜನ್ಮದಲ್ಲಿ ಬಾಯಿ ತೆಗೆಯಲ್ಲ. ಕಲ್ಲಿನ ಕೆಳಗೆ ಸುಮ್ಮನೆ ಕೂತ್ಕೋತೀನಿ."

"ಹಾಗೆಲ್ಲ ಅನ್ನಬೇಡ್ವೇ" ಎಂದಳು ಗಿಲಕಮ್ಮ. "ನೀನು ಹಾಡು, ನಾನು ತಾಳ ಹಾಕ್ತೀನಿ."

"ನಾನು ಶ್ರುತಿ ಹಿಡೀತೀನಿ" ಎಂದ ಜೀರಪ್ಪ.

ಮೂವರೂ ಒಟ್ಟಿಗೆ ಹಾಡಿದ್ದು ಅದೇ ಮೊದಲು.

"ಬಾಲ ಹೋಯ್ತು, ಕಾಲು ಬಂತು, ಜಿಗಿಯಲು ಕಲಿತೆ ಮಳೆಯೇ,
ನೀನು ಮೇಲಿಂದ, ನಾನು ಕೆಳಗಿಂದ, ನಡುವೆ ಸಿಗೋಣ ಗೆಳತಿಯೇ!"

ಆಹಾ, ಏನು ಹಾಡು ಅದು! ಬಯಲಿನಲ್ಲಿ ಯಾರೂ ಕೂತಲ್ಲಿ ಕೂರಲಿಲ್ಲ. ದೊಡ್ಡತ್ತೆಯ ಕಣ್ಣಿಂದ ಸಂತೋಷದ ನೀರು ಇಳಿಯಿತು. ಹಾಡು ಮುಗಿದದ್ದೇ ತಡ, ಅವಳು ಎದ್ದು ಸೊಂಡಿಲನ್ನು ಪೊಟರೆಯ ಬಾಯಿಗೆ ಹಿಡಿದಳು.

"ಅತ್ತೆ, ಬೇಡ! ವಿದ್ವಾಂಸರು ಯಾರ ಜೊತೆಗೂ ಮಾತಾಡಲ್ಲ!" ಎಂದು ನರಿ ಓಡಿ ಬಂದ.

"ಸುಮ್ನಿರೋ. ಇಷ್ಟು ಚೆನ್ನಾಗಿ ಹಾಡಿದವರ ಹೆಸರು ಕೇಳದೆ ಹೋದ್ರೆ ನನಗೆ ಊಟ ಸೇರಲ್ಲ." ದೊಡ್ಡತ್ತೆ ಪೊಟರೆಯೊಳಗೆ ಕೂಗಿ ಕೇಳಿದಳು. "ಸ್ವಾಮೀ, ಬೆಟ್ಟದಾಚೆಯ ವಿದ್ವಾಂಸರೇ, ತಮ್ಮ ಹೆಸರೇನು?"

ಒಳಗಿನಿಂದ ಒಂದು ದನಿ ಹೆದರುತ್ತ ಹೇಳಿತು.

"ನಾನು ಚಿಟುಕಿ, ಅತ್ತೆ. ನಮ್ಮ ಹೊಂಡದ ಚಿಟುಕಿ. ನನ್ನ ಕಂಠ ಹಣ್ಣಾಯ್ತಾ?"

ಕೋತಿ ತೆರೆದ ಬಾಯಿ ಮುಚ್ಚಲಿಲ್ಲ. ಎಲ್ಲರಿಗೂ ಒಮ್ಮೆಲೇ ಅರ್ಥವಾಯಿತು, ನಾಚಿಕೆಯೂ ಆಯಿತು. ಚಿಟುಕಿ ಇನ್ನೊಂದು ಮಾತಾಡಿದರೆ ತನ್ನ ಕಥೆ ಮುಗಿಯಿತೆಂದು ನರಿ ಪೊದೆಯ ಕಡೆಗೆ ಓಡಿದ. ಅವಳ ಬಾಯಿ ಮುಚ್ಚಿಸಲು ಹಿಂಬಾಗಿಲಿಂದ ಪೊಟರೆಯೊಳಗೆ ಮೂತಿ ತೂರಿಸಿದ. ಅಲ್ಲಿ ಬೆನ್ನು ಮಾಡಿ ಕೂತಿದ್ದವಳು ಗಿಲಕಮ್ಮ! ಅವಳು ಬೆಚ್ಚಿಬಿದ್ದು ಮುಳ್ಳುಗಳನ್ನೆಲ್ಲ ಒಮ್ಮೆಲೇ ನಿಮಿರಿಸಿದಳು.

"ಊಊಊಊ!"

ಪೊಟರೆಯಿಂದ ಹೊರಟ ಆ ಊಳು ಬಯಲಿಗೆಲ್ಲ ಮೊಳಗಿತು.

"ಇದು ಯಾವ ವಿದ್ವಾಂಸರ ರಾಗ?" ಎಂದು ಕರಡಿ ಕೇಳಿತು.

"ಇದು ನಾಜೂಕಯ್ಯನ ಸ್ವಂತ ರಾಗ" ಎಂದಳು ದೊಡ್ಡತ್ತೆ. "ಇಷ್ಟು ದಿನದಲ್ಲಿ ಇದೊಂದೇ ಅವನದು."

ಮೂತಿಯ ತುಂಬ ಮುಳ್ಳು ಚುಚ್ಚಿಸಿಕೊಂಡ ನರಿ ಕಾಲಿಗೆ ಬುದ್ಧಿ ಹೇಳಿದ. ಅವನು ಕೂಡಿಟ್ಟಿದ್ದ ಹಣ್ಣು, ಜೇನೆಲ್ಲ ಹಾಡಿದ ಮೂವರ ಪಾಲಾಯಿತು.

ದೊಡ್ಡತ್ತೆ ಚಿಟುಕಿಯನ್ನು ಮೆಲ್ಲಗೆ ಎತ್ತಿ ಬಯಲಿನ ನಡುವಿನ ಕಲ್ಲಿನ ಮೇಲೆ ಕೂರಿಸಿದಳು. "ತಪ್ಪಾಯ್ತು ಕಣೇ ಮಗಳೇ. ನೀನು ಪಕ್ಕದಲ್ಲೇ ಇದ್ದೆ, ನಾವು ಕಿವಿ ಕೊಡಲಿಲ್ಲ. ಈಗ ನಮ್ಮೆದುರಿಗೇ ಒಂದು ಹಾಡು."

ಚಿಟುಕಿ ಸುತ್ತ ನೋಡಿದಳು. "ಪೊಟರೆಯ ಹೊರಗೆ ನನ್ನ ದನಿ ತುಂಬಾ ಸಣ್ಣದು, ಅತ್ತೆ."

"ಅದಕ್ಕೇನಂತೆ? ನಾವು ಹತ್ತಿರ ಬರ್ತೀವಿ."

ಕರಡಿ ಮುಂದೆ ಬಂದು ಕೂತಿತು. ಕೋತಿ, ಜಿಂಕೆ, ಮೊಲ ಎಲ್ಲ ಒತ್ತಿಕೊಂಡು ಕೂತವು. ಕೊಂಬೆಯಿಂದ ಕೋಗಿಲೆಯೂ ಇಳಿದು ಬಂತು. "ಜಾಗ ಕೊಡ್ರಪ್ಪ. ಅದನ್ನೇ ಹಾಡಿ ಹಾಡಿ ನನಗೂ ಸಾಕಾಗಿತ್ತು" ಎಂದಿತು. ಎಲ್ಲರೂ ಗೊಳ್ಳೆಂದು ನಕ್ಕರು. ನಗು ನಿಂತ ಮೇಲೆ ಚಿಟುಕಿ ಬಾಯಿ ತೆರೆದಳು, ಇಡೀ ಕಾಡು ಕೇಳಿಸಿಕೊಂಡಿತು.

ನೀತಿ: ಹೊಸ ಪ್ರತಿಭೆಯನ್ನು ದೂರದಲ್ಲೇ ಹುಡುಕಬೇಡಿ, ಪಕ್ಕದವರಿಗೂ ಕಿವಿಗೊಡಿ. ಇನ್ನೊಬ್ಬರ ಹಾಡನ್ನು ಬಚ್ಚಿಟ್ಟು ಹೊಟ್ಟೆ ಹೊರೆಯುವವನಿಗೆ ಕೊನೆಗೆ ಉಳಿಯುವುದು ತನ್ನ ಊಳು ಮಾತ್ರ.