ಹನ್ನೊಂದು ಗಂಟೆಯ ಸಭೆ

ಕಡಲಲ್ಲಿ ಗಾಳಿ ಎದ್ದರೆ ಪ್ರತಿ ಸಂಘವೂ ತನ್ನ ದೋಣಿಗಳನ್ನಷ್ಟೇ ವಾಪಸು ಕರೆಸಿಕೊಳ್ಳುತ್ತಿತ್ತು. ಪಕ್ಕದ ಸಂಘದವರಿಗೆ ತಿಳಿಯುವಾಗ ಹೊತ್ತು ಮೀರಿರುತ್ತಿತ್ತು. ಅದಕ್ಕೇ ಮೀನುಗಾರರ ಸಂಘಗಳು ಸುದ್ದಿ ಹಂಚಿಕೊಳ್ಳಲು ಒಂದು ಕೂಟ ಕಟ್ಟುವುದೆಂದಾಯಿತು. ಸದಸ್ಯರನ್ನು ಆರಿಸುವ ಕೆಲಸ ಬಂದರು ಕಚೇರಿಯ ಗುಮಾಸ್ತೆ ಜಲಜಾಕ್ಷಿಯ ತಲೆಗೆ ಬಿತ್ತು.

ದೊಡ್ಡ ಸಂಘದ ಅಧ್ಯಕ್ಷ ವಾಸು ಮೆಂಡನ್ ಬಂದು ಮೇಜು ಗುದ್ದಿದರು. "ನಾವಿಲ್ಲದೆ ಎಂತ ಕೂಟ? ಮೊದಲು ನಮ್ಮನ್ನು ಸೇರಿಸು!"

"ಸಭೆ ಹನ್ನೊಂದು ಗಂಟೆಗೆ. ಬಂದವರೇ ಸದಸ್ಯರು," ಎಂದಳು ಜಲಜಾಕ್ಷಿ. "ಉಳಿದದ್ದು ಉಳಿದ ಸಂಘದವರಿಗೆ ಗೊತ್ತುಂಟು."

ಇನ್ನೊಂದು ಸಂಘಕ್ಕೆ ಅವಳು ಗುರುವಾರ ಎಂದಷ್ಟೇ ಹೇಳಿದ್ದಳು. ಮತ್ತೊಂದಕ್ಕೆ ದೀಪಸ್ತಂಭದ ಅಂಗಳ ಎಂದಷ್ಟೇ. ಯಾರು ಬರುತ್ತಾರೋ ನೋಡುವ ಕುತೂಹಲ ಅವಳಿಗೆ.

ಗುರುವಾರ ಆ ಎರಡೂ ಸಂಘದವರು ದೀಪಸ್ತಂಭದ ಅಂಗಳಕ್ಕೆ ಬೆಳಗ್ಗೆಯೇ ಬಂದು ಕೂತಿದ್ದರು. "ದಿನ, ಜಾಗ ನಾವು ಪರಸ್ಪರ ಹೇಳಿಕೊಂಡೆವು. ಗಂಟೆ ಎಷ್ಟೆಂದು ಮೆಂಡನ್ ಅವರನ್ನು ಕೇಳಿದೆವು. ನಿಮಗ್ಯಾಕೆ ಹೇಳಬೇಕು ಅಂದರು. ಅದಕ್ಕೇ ತಿನ್ನಲು ಗೋಳಿಬಜೆ ಕಟ್ಟಿಸಿಕೊಂಡು ಬೇಗ ಬಂದೆವು."

ಮರುದಿನ ಮೆಂಡನ್ ಕೆಂಡವಾಗಿ ಬಂದರು. "ದಿನಾ ಹನ್ನೊಂದಕ್ಕೆ ಇಸ್ತ್ರಿ ಅಂಗಿ ಹಾಕಿ ಕಾದೆ! ಯಾವತ್ತು, ಎಲ್ಲಿ ಅಂತ ಒಬ್ಬನಾದರೂ ಹೇಳಿದನಾ?"

"ನೀವು ಕೇಳಿದಿರಾ?"

ಮೆಂಡನ್ ತಿರುಗುವ ಫ್ಯಾನನ್ನು ನೋಡುತ್ತ ಕೇಳಿದರು: "ಇನ್ನು ಸೇರಬೇಕಾದರೆ ಎಂತ ಮಾಡಬೇಕು?"

"ಯಾರಿಗೂ ಹೇಳದ ಒಂದು ಸುದ್ದಿ ಹೇಳಿ."

ಮೆಂಡನ್ ಹೋಗಿ ಬಾಗಿಲು ಮುಂದೆ ಮಾಡಿದರು. ಆಮೇಲೆ ದನಿ ತಗ್ಗಿಸಿ, "ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ನೀರಿನಡಿ ಹೊಸ ಮರಳು ದಿಬ್ಬ ಎದ್ದಿದೆ. ನಮ್ಮ ದೋಣಿಗಳು ಅದನ್ನು ಸುತ್ತಿ ಹೋಗ್ತವೆ," ಎಂದರು.

ಜಲಜಾಕ್ಷಿ ಫೋನನ್ನು ಅವರತ್ತ ತಳ್ಳಿದಳು. "ಆ ಎರಡು ಸಂಘದವರ ದೋಣಿಗಳು ಈಗಷ್ಟೇ ಹೊರಡ್ತಾ ಇವೆ."

ಮೆಂಡನ್ ಅವಳ ಮುಖ ನೋಡಿದರು. ಫೋನೆತ್ತಿದರು.

"ಹಲೋ, ನಾನು ವಾಸು. ದೋಣಿ ನಿಲ್ಲಿಸಿ, ಒಂದು ಸುದ್ದಿ ಉಂಟು."