ಸನ್ನದಿನ ಮನೆಯ ಮೂರು ಒಗಟು

"ಕೇಳಿ, ಕಂಚಿನಕೋಟೆಯ ಪ್ರಜೆಗಳೇ! ಸನ್ನದಿನ ಮನೆಯ ಅಧಿಕಾರಿಯ ಪೀಠ ಖಾಲಿಯಾಗಿದೆ. ರಾಜಕುಮಾರಿ ಬಾಚಲದೇವಿಯವರು ಮೂರು ಒಗಟು ಕೇಳುತ್ತಾರೆ. ಮೂರಕ್ಕೂ ಉತ್ತರ ಹೇಳಿದವರಿಗೆ ಪೀಠ, ಒಂದು ತಪ್ಪಿದರೂ ತಲೆದಂಡ!"

ಡಂಗುರ ಕೇಳಿ ಊರಿಗೆ ಊರೇ ತಳಮಳಗೊಂಡಿತು. ಆ ರಾಜ್ಯದಲ್ಲಿ ಯಾರಾದರೂ ಹೊಸ ಉಪಕರಣ ಕಂಡುಹಿಡಿದರೆ ಅರಮನೆ ಅವರಿಗೆ ತಾಮ್ರದ ಸನ್ನದು ಕೊಡುತ್ತಿತ್ತು. ಸನ್ನದು ಇರುವತನಕ ಅದನ್ನು ಬೇರೆಯವರು ಮಾಡಿ ಮಾರುವಂತಿರಲಿಲ್ಲ. ಆದರೆ ಹಿಂದಿನ ಅಧಿಕಾರಿಗಳು ಶುಲ್ಕದ ನಿಯಮಗಳನ್ನು ತಾವೂ ಓದಿರಲಿಲ್ಲ, ಕೇಳಿದವರಿಗೆ ಬಾಯಿಗೆ ಬಂದದ್ದು ಹೇಳಿ ಕಳಿಸುತ್ತಿದ್ದರು. ಅವರ ಮಾತು ನಂಬಿ ಎಷ್ಟೋ ಮನೆಗಳು ಮುಳುಗಿದ್ದವು. ಆ ಸಿಟ್ಟಿನಲ್ಲೇ ರಾಜಕುಮಾರಿ ಈ ಪಣ ಇಟ್ಟಿದ್ದಳು.

ಸಭೆಯ ದಿನ ಬಿಸಿಗಾಳಿ ಬೀಸುತ್ತಿತ್ತು. ಪತಾಕೆಗಳು ಪಟಪಟ ಬಡಿದುಕೊಳ್ಳುತ್ತಿದ್ದವು. ಕಂಬದ ಬಳಿ ಕತ್ತಿ ಹಿಡಿದು ನಿಂತವನು ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಲೇ ಇದ್ದ. ಗುಂಪಿನ ಕೊನೆಯಲ್ಲಿ ಬಡಗಿ ಮಲ್ಲೋಜ ತನ್ನ ತಾಯಿಯೊಂದಿಗೆ ನಿಂತಿದ್ದ. ನೋಡಲು ಬಂದವನೇ ಹೊರತು ಉತ್ತರ ಹೇಳಲು ಬಂದವನಲ್ಲ.

ಮೊದಲು ಮಂತ್ರಿಯ ಸೋದರಳಿಯ ತಿಪ್ಪರಸ ಮುಂದೆ ಬಂದ. ರಾಜಕುಮಾರಿ ಕೇಳಿದಳು: "ಅದು ಬಾಗಿಲು ತೆರೆಯುವ ಮುಂಚೆಯೇ ತೆಗೆದುಕೊಳ್ಳುತ್ತದೆ. ಬಾಗಿಲು ತೆರೆಯದೇ ಹೋದರೂ ಹಿಂದಕ್ಕೆ ಕೊಡುವುದಿಲ್ಲ. ಕೊಟ್ಟು ಸುಮ್ಮನೆ ಕೂತವನನ್ನು ತಿರುಗಿಯೂ ನೋಡುವುದಿಲ್ಲ. ಇನ್ನೊಮ್ಮೆ ಕೊಟ್ಟು ಕರೆದರಷ್ಟೇ ಕಣ್ಣು ಬಿಡುತ್ತದೆ. ಏನದು?"

"ದೇವರ ಹುಂಡಿ," ಎಂದ ತಿಪ್ಪರಸ ನಗುತ್ತಾ.

"ದೇವರು ಏನೂ ಕೊಡದವನನ್ನೂ ನೋಡುತ್ತಾನೆ. ತಪ್ಪು."

ಅವನ ನಗು ಮುಖದ ಮೇಲೆ ಹಾಗೇ ಉಳಿಯಿತು. ಭಟರು ತೋಳು ಹಿಡಿದು ಕರೆದೊಯ್ದರು.

ವ್ಯಾಪಾರಿ ಚೌಡಿಸೆಟ್ಟಿ ಬಂದು ಅದೇ ಒಗಟಿಗೆ, "ಸುಂಕದ ಕಟ್ಟೆ," ಎಂದ.

"ಕಟ್ಟೆಯವರು ಸುಂಕ ಕೊಟ್ಟವನ ಗಾಡಿ ಬಿಡುತ್ತಾರಲ್ಲ, ಸೆಟ್ಟರೇ. ತಪ್ಪು."

ಭಟರು ಸೆಟ್ಟಿಯನ್ನೂ ಕರೆದೊಯ್ದರು. "ಹೊತ್ತು ಮುಳುಗಿದೊಡನೆ ಇಬ್ಬರ ತಲೆಯೂ ಹೋಗುತ್ತದೆ. ಅಷ್ಟರೊಳಗೆ ಬೇರೆ ಯಾರಾದರೂ ಇದ್ದರೆ ಬನ್ನಿ," ಎಂದಳು ರಾಜಕುಮಾರಿ.

ಆ ಒಗಟಿನ ಉತ್ತರ ಮಲ್ಲೋಜನಿಗೆ ಗೊತ್ತಿತ್ತು. ಅದು ಅವರ ಮನೆಯಲ್ಲೇ ನಡೆದ ಕತೆ. ಅವನು ಹೆಜ್ಜೆ ಎತ್ತುತ್ತಲೇ ತಾಯಿ ಮುಂಗೈ ಬಿಗಿಯಾಗಿ ಹಿಡಿದಳು.

"ಬೇಡ ಕಣೋ. ನಿಮ್ಮಪ್ಪನನ್ನ ಕಳಕೊಂಡಿದ್ದು ಸಾಲದೇ?"

"ಬಿಡವ್ವಾ. ಇಲ್ಲಿ ನಿಂತಿರೋಕೆ ಆಗ್ತಿಲ್ಲ," ಎಂದು ಕೈ ಬಿಡಿಸಿಕೊಂಡು ಮುಂದೆ ನಡೆದ.

"ತಾಯೀ, ಅದು ಸನ್ನದಿನ ಅರ್ಜಿಯ ಶುಲ್ಕ. ಸನ್ನದು ಸಿಗಲಿ ಬಿಡಲಿ, ಆ ಹಣ ವಾಪಸು ಬರುವುದಿಲ್ಲ. ಪರೀಕ್ಷೆಗೆ ಬೇರೆ ಶುಲ್ಕ ಕಟ್ಟಿ ಕೋರದೆ ಅರ್ಜಿಯನ್ನು ಯಾರೂ ಬಿಚ್ಚುವುದೂ ಇಲ್ಲ. ನಮ್ಮಪ್ಪ ಕಾಳೋಜ ಒಂಟಿ ಎತ್ತಿನ ಗಾಣ ಮಾಡಿದ. ಅರ್ಜಿ ಕೊಟ್ಟು, ಇವತ್ತು ಕರೆಯುತ್ತಾರೆ ನಾಳೆ ಕರೆಯುತ್ತಾರೆ ಎಂದು ಬಾಗಿಲು ಕಾಯುತ್ತಾ ಕೂತ. ಎಷ್ಟೋ ದಿನದ ಮೇಲೆ ಯಾರೋ ಹೇಳಿ, ಆ ಶುಲ್ಕವನ್ನೂ ಕಟ್ಟಿದ ಮೇಲಷ್ಟೇ ಸನ್ನದು ಸಿಕ್ಕಿತು."

ಬಾಚಲದೇವಿ ಪೀಠದಲ್ಲಿ ಸ್ವಲ್ಪ ಮುಂದಕ್ಕೆ ಬಾಗಿದಳು. "ಸರಿ. ಎರಡನೆಯದು. ಹುಟ್ಟಿದ ಮೇಲೆ ಅದಕ್ಕೆ ವರ್ಷಕ್ಕೊಂದು ತುತ್ತು. ಬೆಳೆದಂತೆ ತುತ್ತೂ ದೊಡ್ಡದಾಗಬೇಕು. ತಪ್ಪಿಸಿದರೆ ಮೂರ್ಛೆ ಹೋಗುತ್ತದೆ. ಗಡುವಿನೊಳಗೆ ದಂಡದ ತುತ್ತನ್ನೂ ಸೇರಿಸಿ ಉಣಿಸಿದರೆ ಏಳುತ್ತದೆ, ಇಲ್ಲವಾದರೆ ಸಾಯುತ್ತದೆ. ಸತ್ತ ಮೇಲೆ ಅದು ಎಲ್ಲರ ಸ್ವತ್ತು."

ಮಲ್ಲೋಜ ತಕ್ಷಣ ಹೇಳಿದ: "ಅದು ಸನ್ನದೇ, ತಾಯೀ. ವರ್ಷಾ ವರ್ಷಾ ಶುಲ್ಕ ಕಟ್ಟಿ ಅದನ್ನು ಬದುಕಿಸಿಕೊಳ್ಳಬೇಕು. ಒಮ್ಮೆ ಸಿಕ್ಕಿದರೆ ಮುಗಿಯಿತು ಎಂದು ಅಧಿಕಾರಿ ಹೇಳಿದ್ದ. ಅಪ್ಪ ನಂಬಿದ. ಗಡುವು, ದಂಡ ಎಲ್ಲ ದಾಟಿದ ಮೇಲೆ ವಿಷಯ ಗೊತ್ತಾಯಿತು. ಅಷ್ಟರಲ್ಲಿ ಪೇಟೆಯವರೆಲ್ಲ ಅದೇ ಗಾಣ ಮಾಡಿ ಮಾರುತ್ತಿದ್ದರು. ಆ ಕೊರಗಿನಲ್ಲೇ ಅಪ್ಪ ಹೋದ."

ಕೋಟೆಯ ಗೋಡೆಯ ನೆರಳು ಅಂಗಳ ದಾಟಿ ಮೆಟ್ಟಿಲಿಗೆ ಬಂದಿತ್ತು. ರಾಜಕುಮಾರಿ ಮೂರನೆಯದನ್ನು ಮೆಲ್ಲಗೆ ಕೇಳಿದಳು: "ಒಂದೇ ಹೊರೆ. ಗಟ್ಟಿಗರ ಹೆಗಲಿಗೆ ಭಾರ, ಸಣಕಲನ ಹೆಗಲಿಗೆ ಹಗುರ. ಆದರೆ ಸಣಕಲ ತಾನು ಗಟ್ಟಿಗನೆಂದರೆ ಅವನಿಗೂ ಭಾರವೇ. ಏನದು?"

ಇದು ಮಲ್ಲೋಜನಿಗೆ ಗೊತ್ತಿರಲಿಲ್ಲ. ಕತ್ತಿಯವನು ಹಿಡಿಯನ್ನು ಭದ್ರ ಮಾಡಿಕೊಂಡ. ಓಡಿಹೋಗೋಣ ಅನ್ನಿಸಿತು. ತಿರುಗಿ ನೋಡಿದರೆ ತಾಯಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಅರ್ಜಿ ಕೊಟ್ಟ ದಿನವೂ ಅವಳು ಹೀಗೇ ಅಪ್ಪನ ಹಿಂದೆ ನಿಂತಿದ್ದಳು. ಕರಣಿಕ ಅಪ್ಪನನ್ನು ಏನೋ ಕೇಳಿದ್ದ. ಏನದು? "ನೀನು ಒಂಟಿ ಕಸುಬಿನವನೋ, ದೊಡ್ಡ ಕಾರ್ಖಾನೆಯವನೋ?" ಅಪ್ಪ ನಾಲ್ಕು ಜನರೆದುರು ಎದೆ ಉಬ್ಬಿಸಿ, "ದೊಡ್ಡ ಕಾರ್ಖಾನೆಯವನು," ಎಂದಿದ್ದ. ಶುಲ್ಕ ಕೇಳಿ ತಾಯಿ ಕೈಬಳೆ ಬಿಚ್ಚಿಕೊಟ್ಟಿದ್ದಳು.

"ತಾಯೀ," ಎಂದ ಅವನು. "ಅದೂ ಶುಲ್ಕವೇ. ಒಂಟಿ ಕಸುಬಿನವನಿಗೆ ಕಡಿಮೆ, ದೊಡ್ಡ ಸಾಹುಕಾರರಿಗೆ ಹೆಚ್ಚು. ಆದರೆ ತಾನು ಸಣ್ಣವನೆಂದು ಅವನೇ ಹೇಳಿಕೊಳ್ಳಬೇಕು. ನಮ್ಮಪ್ಪ ನಾಚಿಕೆಪಟ್ಟು ಹೇಳಲಿಲ್ಲ. ಈ ಕ್ಷಣದವರೆಗೂ ನನಗೆ ಇದು ತಿಳಿದಿರಲಿಲ್ಲ."

ರಾಜಕುಮಾರಿ ಎದ್ದು ನಿಂತಳು. "ಮೂರೂ ಸರಿ! ಪೀಠ ನಿನ್ನದು. ಬೇರೆ ಏನು ಬೇಕು, ಕೇಳು."

"ಆ ಇಬ್ಬರನ್ನು ಬಿಟ್ಟುಬಿಡಿ."

"ತಪ್ಪು ಹೇಳುವವರಿಂದಲೇ ಅಲ್ಲವೇ ನಿನ್ನ ಮನೆ ಹಾಳಾದದ್ದು?"

"ಗೊತ್ತಿಲ್ಲದ್ದಕ್ಕೆ ನಮ್ಮಪ್ಪ ಸತ್ತ, ತಾಯೀ. ಗೊತ್ತಿಲ್ಲದ್ದಕ್ಕೇ ಇವರೂ ಸಾಯಬೇಕೇ? ಹಾಗಾದರೆ ನಾಳೆ ನನ್ನ ಬಾಗಿಲಿಗೆ ಗೊತ್ತಿಲ್ಲ ಎಂದು ಹೇಳಿಕೊಂಡು ಬರುವ ಧೈರ್ಯ ಯಾರಿಗಿರುತ್ತದೆ?"

ರಾಜಕುಮಾರಿ ಕತ್ತಿಯವನಿಗೆ ಹೋಗೆಂದು ಕೈಸನ್ನೆ ಮಾಡಿದಳು. ತಿಪ್ಪರಸ ಅಲ್ಲೇ ಕೂತು ಮಗುವಿನಂತೆ ಅತ್ತ.

ಮರುದಿನ ಮಲ್ಲೋಜ ಪೀಠದಲ್ಲಿ ನೆಟ್ಟಗೆ ಕೂರಲಾಗದೆ ಚಡಪಡಿಸುತ್ತಿದ್ದಾಗ ನೇಕಾರ ಹೆಂಗಸೊಬ್ಬಳು ಬಂದಳು. ಕಂಕುಳಲ್ಲಿ ಹೊಸ ಬಗೆಯ ಲಾಳಿ, ಸೊಂಟದಲ್ಲಿ ದುಡ್ಡಿನ ಗಂಟು. ಹೊಸ್ತಿಲಲ್ಲೇ ನಿಂತು, "ಎಷ್ಟು ಕೊಡಬೇಕು, ಸ್ವಾಮೀ?" ಎನ್ನುತ್ತಾ ಗಂಟಿಗೆ ಕೈ ಹಾಕಿದಳು.

ಮಲ್ಲೋಜ ಎದ್ದು ಬಂದು ಮಣೆ ಹಾಕಿದ.

"ಗಂಟು ಬಿಚ್ಚಬೇಡಿ, ಅಮ್ಮಾ. ಮೊದಲು ಕೂತುಕೊಳ್ಳಿ, ಎಲ್ಲಾ ಹೇಳುತ್ತೇನೆ."